ಅಚ್ಚೊತ್ತಿದ ಉಕ್ಕಿನ ರಾಕರ್ ಆರ್ಮ್

1955ರಲ್ಲಿ ಅಮೆರಿಕದ ಷೆವರ್ಲೆ ಸಂಸ್ಥೆಯು ತನ್ನ ಕಿರುಗಾತ್ರದ ವಿ-8 ಎಂಜಿನ್ನನ್ನು ಹೊರತಂದಾಗ, ಅದರ ಕವಾಟಗಳನ್ನು ತೆರೆಯುವ ರಾಕರ್ ಆರ್ಮುಗಳು, ಎಲ್ಲವನ್ನೂ ಪೋಣಿಸುತ್ತಿದ್ದ ದಂಡವನ್ನೇ ತ್ಯಜಿಸಿ, ಪ್ರತಿಯೊಂದೂ ತನ್ನದೇ ಸ್ಟಡ್ಡಿನ ಮೇಲೆ, ಅರ್ಧಗೋಲಾಕಾರದ ಆಧಾರವನ್ನು ಆಶ್ರಯಿಸಿ ತೂಗುವಂತೆ ರಚಿತವಾಗಿದ್ದುವು. ತಗಡನ್ನು ಅಚ್ಚೊತ್ತಿ ದೋಣಿಯಂತೆ ಬಾಗಿಸಿದ ಈ ಹಗುರವಾದ ಅಂಗವು ಕ್ಯಾಮಿನ ಏರಿಕೆಯನ್ನು ಒಂದೂವರೆ ಪಟ್ಟು ಹಿಗ್ಗಿಸಿ ಕವಾಟಕ್ಕೆ ಒಪ್ಪಿಸುವ ರೀತಿಯನ್ನು ಕಂಡಾಗಲೆಲ್ಲ, ಇಷ್ಟು ಅಲ್ಪವ್ಯಯದಲ್ಲಿ ಇಷ್ಟೊಂದು ಚೆಲುವು ಸಾಧ್ಯವಾಯಿತಲ್ಲಾ ಎಂದು ನನ್ನ ಮನಸ್ಸು ಹಿಗ್ಗುತ್ತದೆ.

ವೇಗವನ್ನು ಬಯಸಿಯೂ ಕೈಯಲ್ಲಿ ಹೆಚ್ಚು ಹಣವಿಲ್ಲದೆ ಈ ಎಂಜಿನ್ನನ್ನು ಸಜ್ಜುಗೊಳಿಸುವವರು ಹೊಳೆಯುವ ಅಲ್ಯೂಮಿನಿಯಮ್ ರೋಲರ್ ಆರ್ಮುಗಳಿಗೆ ಮರುಳಾಗುವುದು ಸಹಜವೇ. ಆದರೆ ಅಗ್ಗದ ಅಲ್ಯೂಮಿನಿಯಮ್ಮು ಲಕ್ಷಾಂತರ ಸಲ ಭಾರವನ್ನು ಹೊತ್ತು ಬಳಲಿ ಬಿರಿಯುವುದುಂಟು, ಅದರೊಳಗಿನ ಸೂಜಿ ಬೇರಿಂಗುಗಳು ಮುರಿದು ಎಂಜಿನ್ನಿನ ಒಡಲಿಗೇ ಉದುರುವುದುಂಟು. ಕ್ಯಾಮು ಸೌಮ್ಯವಾಗಿದ್ದರೆ, ನನ್ನ ಮತದಲ್ಲಿ, ಒಳ್ಳೆಯ ತಯಾರಕರ ಹೊಸ ಉಕ್ಕಿನ ಆರ್ಮುಗಳೇ ಸಾಕು. ಏರಿಕೆ ಹೆಚ್ಚಿದ್ದರೆ, ಸ್ಟಡ್ಡಿಗೆ ತಗುಲದಂತೆ ಉದ್ದ ಸೀಳಿನವು ಬೇಕು. ಹಳೆಯವನ್ನು ಮರಳಿ ಜೋಡಿಸುವುದಾದರೆ, ಒಂದು ಆರ್ಮಿನೊಡನೆ ಸವೆದು ಹೊಂದಿಕೊಂಡ ಅರ್ಧಗೋಲದ ಆಧಾರವನ್ನು ಮತ್ತೊಂದಕ್ಕೆ ಕೂರಿಸಲಾಗದು. ಕವಾಟದ ಸ್ಪ್ರಿಂಗು ಬಲವಾದಲ್ಲಿ, ಒತ್ತಿ ಕೂರಿಸಿದ ಸ್ಟಡ್ಡುಗಳು ಮೇಲೆದ್ದು ಬರುವ ಭಯವಿರುವುದರಿಂದ, ಉಳಿಸಿದ ಹಣವನ್ನು ಮೊದಲು ತಿರುಪಿನ ಸ್ಟಡ್ಡುಗಳಿಗೆ ವ್ಯಯಿಸಿರಿ.