‘ರಿಕವರಿ’ ಎಂದರೇನು? ಮಧ್ಯಮ ಹಂತದ ಇಂಗ್ಲಿಷ್ ಶಬ್ದಕಲಿಕೆಯಲ್ಲಿ ವ್ಯಾಖ್ಯೆ ಮತ್ತು ಉದಾಹರಣೆ

ಮಧ್ಯಮ ಹಂತದ ಇಂಗ್ಲಿಷ್ ಶಬ್ದಗಳನ್ನು ಇಂಗ್ಲಿಷಿನಲ್ಲೇ ಬರೆದ ವ್ಯಾಖ್ಯೆ ಹಾಗೂ ಒಂದೆರಡು ಉದಾಹರಣಾ ವಾಕ್ಯಗಳ ಮೂಲಕ ಕಲಿಸುವ ಪದ್ಧತಿ ಈಗ ಪ್ರಶ್ನಾತೀತವೆಂಬಂತೆ ಬಳಕೆಯಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಇದಕ್ಕೆ ನಾವು ಆಯ್ದುಕೊಂಡಿರುವ ಮುಖ್ಯ ಪದ ‘ರಿಕವರಿ’.

ಈ ಪದ್ಧತಿಯ ಬೇರುಗಳು ಇಂಗ್ಲೆಂಡಿನಲ್ಲಿಲ್ಲ ಎಂಬುದನ್ನು ಮರೆಯಬಾರದು. ಢಾಕಾದಲ್ಲಿ ಬಂಗಾಳಿ ವಿದ್ಯಾರ್ಥಿಗಳ ಓದಿನ ತೊಡಕುಗಳನ್ನು ಅಭ್ಯಸಿಸಿದ ಮೈಕೆಲ್ ವೆಸ್ಟ್ ಅವರು ಎಂಡಿಕಾಟ್ ಅವರೊಡನೆ 1935ರಲ್ಲಿ ಹೊರತಂದ ನಿಘಂಟು ಸುಮಾರು 24,000 ನಮೂದುಗಳನ್ನು ಕೇವಲ 1,490 ಪದಗಳಿಂದ ವಿವರಿಸಿತು. ಜಪಾನಿನಲ್ಲಿ ಬೋಧಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಕ್ರಿಯಾಪದಗಳ ವಾಕ್ಯವಿನ್ಯಾಸಗಳನ್ನು ಕಲಿಯುವವನ ಕೈಗಿತ್ತದ್ದು ಅದರ ಹಿರಿಮೆ. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಮಿತಿಯನ್ನು ಹಾಕಿಕೊಂಡಿತು. ವ್ಯಾಖ್ಯೆಯಲ್ಲಿ ಯಾವ ಪದ ಬರಬೇಕೆಂಬ ಬಗ್ಗೆ ಇಷ್ಟೊಂದು ಶಿಸ್ತು ಬೆಳೆಯಿತು. ಆದರೆ ಆ ಪದಗಳನ್ನು ಜೋಡಿಸುವ ವಾಕ್ಯರಚನೆಯ ಮೇಲೆ ಅಂಥದೇ ನಿಯಂತ್ರಣ ಬರಲಿಲ್ಲ. ಕನ್ನಡಿಗನಿಗೆ ತೊಡಕಾಗುವುದು ಇಲ್ಲಿಯೇ.

ಇಂಗ್ಲಿಷ್ ವ್ಯಾಖ್ಯೆ ಮೊದಲು ಒಂದು ಸಾಮಾನ್ಯ ನಾಮಪದವನ್ನಿಟ್ಟು, ಅದರ ವಿಶೇಷಣವನ್ನು ಆಮೇಲೆ ಬಾಲದಂತೆ ಬೆಳೆಸುತ್ತದೆ. ಕನ್ನಡದಲ್ಲಿ ಕೃದಂತ ಮೊದಲು, ನಾಮಪದ ಕೊನೆಗೆ: ‘ರೋಗದಿಂದ ಚೇತರಿಸಿಕೊಳ್ಳುವ ಕ್ರಿಯೆ’. ಹೀಗಾಗಿ ವ್ಯಾಖ್ಯೆಯ ಪ್ರತಿಯೊಂದು ಪದವನ್ನು ಬಲ್ಲ ವಿದ್ಯಾರ್ಥಿಯೂ ಅದನ್ನು ಬಾಲದಿಂದ ತಲೆಗೆ ಓದಬೇಕಾಗುತ್ತದೆ. 1987ರ ಕೋಬಿಲ್ಡ್ ನಿಘಂಟು ‘ಹೀಗಾದರೆ ಹೀಗೆನ್ನುತ್ತಾರೆ’ ಎಂಬ ಧಾಟಿಯ ಪೂರ್ಣವಾಕ್ಯ ವ್ಯಾಖ್ಯೆಗಳನ್ನು ತಂದಾಗ ಅದನ್ನು ಹಲವರು ಶಬ್ದಾಡಂಬರವೆಂದು ಬಗೆದರು. ನಮಗಾದರೋ ಅದು ಕನ್ನಡದ ‘-ಅರೆ’ ಪ್ರತ್ಯಯದ ವಾಕ್ಯಕ್ಕೆ ಹತ್ತಿರದ್ದೆನಿಸುತ್ತದೆ. ಈ ದೃಷ್ಟಿಯಿಂದ ಅದಕ್ಕೆ ನಮ್ಮಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಇನ್ನು ‘ರಿಕವರಿ’. ಕಲಿಯುವವರ ನಿಘಂಟುಗಳಲ್ಲಿ ಇದರ ಮೊದಲ ಅರ್ಥ ಸಾಮಾನ್ಯವಾಗಿ ಕಾಯಿಲೆಯಿಂದ ಗುಣವಾಗುವುದು. ಕಳೆದುದನ್ನು ಮರಳಿ ಪಡೆಯುವುದು ಆಮೇಲಿನದು. ಆದರೆ ಘಟಪ್ರಭೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಈ ಪದ ಪಠ್ಯಪುಸ್ತಕಕ್ಕಿಂತ ಮೊದಲೇ ಮನೆಯೊಳಗಿದೆ. ‘ಈ ಸಲ ರಿಕವರಿ ಎಷ್ಟ ಬಂತ್ರಿ?’ ಎಂಬ ಪ್ರಶ್ನೆಗೆ ಹಣದ ಲೆಕ್ಕವಿದೆ: ಅರೆದ ಕಬ್ಬಿನ ತೂಕದಲ್ಲಿ ಸಕ್ಕರೆಯಾಗಿ ದೊರೆತ ಪಾಲು ಎಷ್ಟು ಎಂಬುದು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಕ್ವಿಂಟಾಲಿಗೆ 340 ರೂಪಾಯಿಯ ದರ ಶೇ. 10.25ರ ರಿಕವರಿಗೆ ಅನ್ವಯಿಸುವಂಥದು. ಅದರ ಮೇಲಿನ ಪ್ರತಿ ಶೇ. 0.1ಕ್ಕೆ 3.32 ರೂಪಾಯಿ ಹೆಚ್ಚು. ದಶಮಾಂಶದವರೆಗೆ ಅರ್ಥ ಬಲ್ಲ ಮನೆಯ ಹುಡುಗಿಗೆ ತರಗತಿಯಲ್ಲಿ ಅದೇ ಪದ ಅಪರಿಚಿತವಾಗಿ ಎದುರಾಗುತ್ತದೆ. ಎರಡೂ ಒಂದೇ ಪದವೆಂದು ಅವಳಿಗೆ ಹೇಳುವ ವ್ಯವಸ್ಥೆ ವ್ಯಾಖ್ಯೆಯಲ್ಲಿಲ್ಲ.

ಹಾಗಾದರೆ ಕನ್ನಡ ಅರ್ಥ ಕೊಟ್ಟರೆ ಸಾಲದೇ? ಸಾಲದು. ಕಾಯಿಲೆಗೆ ‘ಚೇತರಿಕೆ’, ಸಾಲಕ್ಕೆ ‘ವಸೂಲಿ’, ಸಕ್ಕರೆಗೆ ‘ಇಳುವರಿ’ ಎಂದು ಒಂದು ಪದ ಮೂರಾಗಿ ಒಡೆಯುತ್ತದೆ. ಅದರಲ್ಲೂ ‘ಇಳುವರಿ’ ಎಕರೆಗೆ ಬೆಳೆದ ಕಬ್ಬಿಗೂ ಸಲ್ಲುವ ಮಾತು. ಇಂಗ್ಲಿಷಿನಲ್ಲಿ ಅದು ‘ಯೀಲ್ಡ್’. ‘ರಿಕವರಿ ಎಂದರೆ ಇಳುವರಿ’ ಎಂದು ಬರೆದುಕೊಂಡವಳು ನಾಳೆ ಗೋವಿನಜೋಳದ ಎಕರೆವಾರು ರಿಕವರಿಯನ್ನು ಬರೆದರೆ ತಪ್ಪು ಅವಳದೆನ್ನಲಾಗದು.

ಎಲ್ಲ ಪದಗಳೂ ಹೀಗಲ್ಲ. ಕಾಲುವೆಗೆ ನೀರಿನ, ಚಿತ್ರಮಂದಿರಕ್ಕೆ ಸಿನಿಮಾದ, ಜೈಲಿನಿಂದ ಕೈದಿಯ ‘ರಿಲೀಸ್’ ಮೂರಕ್ಕೂ ಕನ್ನಡದಲ್ಲಿ ‘ಬಿಡುಗಡೆ’ ಒಂದೇ ಸಾಕು. ಇಲ್ಲಿ ಉದ್ದದ ವ್ಯಾಖ್ಯೆ ವ್ಯರ್ಥಶ್ರಮ. ‘ಅಫೋರ್ಡ್’ ಇದಕ್ಕೆ ವಿರುದ್ಧ. ಕೊಳ್ಳುವಷ್ಟು ಹಣವಿರುವುದು ಎಂದು ಅರ್ಥ ತಿಳಿದ ಮಾತ್ರಕ್ಕೆ, ಅದು ಈ ಅರ್ಥದಲ್ಲಿ ‘ಕ್ಯಾನ್’, ‘ಕುಡ್’ಗಳ ಹೆಗಲ ಮೇಲೆಯೇ ಹೆಚ್ಚಾಗಿ ಕೂತು ಬರುತ್ತದೆಂಬುದು ತಿಳಿಯದು. ಅದನ್ನು ತೋರಿಸಬಲ್ಲದ್ದು ಉದಾಹರಣೆಯೊಂದೇ.

ಆದ್ದರಿಂದ ಉದಾಹರಣಾ ವಾಕ್ಯವನ್ನು ವ್ಯಾಖ್ಯೆಯ ಅಲಂಕಾರವೆಂದು ಕಾಣುವುದನ್ನು ನಾವು ಒಪ್ಪುವುದಿಲ್ಲ. ಹಾಗೆಂದು ‘ಜಾನ್’ ಇದ್ದಲ್ಲಿ ‘ಬಸವರಾಜ’ನನ್ನು, ‘ಲಂಡನ್’ ಇದ್ದಲ್ಲಿ ‘ಗೋಕಾಕ’ವನ್ನು ಕೂರಿಸಿ ಸ್ಥಳೀಯವಾಯಿತೆನ್ನುವ ಪರಿಪಾಠವೂ ಹುಸಿಯೇ. ಬಸವರಾಜ ಹಿಮದಲ್ಲಿ ಜಾರುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರ್ಖಾನೆಯ ಅರ್ಥವೊಂದನ್ನೇ ಕಲಿಸಿದರೆ ಆಸ್ಪತ್ರೆಯ ಸುದ್ದಿ ಓದುವಾಗ ವಿದ್ಯಾರ್ಥಿ ಮುಗ್ಗರಿಸುವುದೂ ಅಷ್ಟೇ ನಿಶ್ಚಿತ. ಬಲ್ಲ ಅರ್ಥದ ಒಂದು ವಾಕ್ಯ, ಬರದ ಅರ್ಥದ ಇನ್ನೊಂದು ಅಕ್ಕಪಕ್ಕ ನಿಲ್ಲಬೇಕು. ನೆರೆಯ ಪದದೊಡನೆ ಗೊಂದಲವಿದ್ದಲ್ಲಿ ಎರಡನ್ನೂ ಒಂದೇ ವಾಕ್ಯಕ್ಕೆ ಕಟ್ಟಬೇಕು. ಮಳೆ ಹೆಚ್ಚಾದ ವರ್ಷ ಕಬ್ಬಿನ ತೂಕ ಬಂದೂ ಸಕ್ಕರೆ ಕೈಕೊಡುವುದುಂಟು. ‘ದ ಯೀಲ್ಡ್ ವಾಸ್ ಗುಡ್, ಬಟ್ ದ ರಿಕವರಿ ವಾಸ್ ಪೂರ್’ ಎಂಬ ವಾಕ್ಯವನ್ನು ಸಂಕೇಶ್ವರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಮನೆಯ ಮಕ್ಕಳ ಮುಂದಿಟ್ಟರೆ, ನಡುವಿನ ‘ಬಟ್’ ಏಕೆ ಬಂತೆಂದು ಅವರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ.