ರಂಗದಿಂದ ಪರದೆಗೆ: ‘ಕ್ಯಾಟ್ಸ್’ ಗೀತನಾಟಕದ ಚಿತ್ರರೂಪ – ಒಂದು ಜಾನಪದೀಯ ಅವಲೋಕನ

ಕನ್ನಡದ ಸಾಹಿತ್ಯಾಸಕ್ತರಿಗೆ ಟಿ.ಎಸ್. ಎಲಿಯಟ್ ಮುಖ್ಯವಾಗಿ ‘ದಿ ವೇಸ್ಟ್ ಲ್ಯಾಂಡ್’ (1922) ಕವಿತೆಯ ಕರ್ತೃವಾಗಿ, ನವ್ಯಕಾವ್ಯಕ್ಕೆ ಪ್ರೇರಣೆ ಒದಗಿಸಿದ ಕವಿ-ವಿಮರ್ಶಕನಾಗಿ ಪರಿಚಿತ. ಅದೇ ಕವಿ 1930ರ ದಶಕದಲ್ಲಿ ಗೆಳೆಯರ ಮಕ್ಕಳಿಗಾಗಿ ಬೆಕ್ಕುಗಳನ್ನು ಕುರಿತು ಪದ್ಯಗಳನ್ನು ಹೊಸೆದು ಪತ್ರಗಳಲ್ಲಿ ಕಳುಹಿಸುತ್ತಿದ್ದನೆಂಬ ಸಂಗತಿ ವಿದ್ವತ್ ಚರ್ಚೆಗಳಲ್ಲಿ ಅಷ್ಟಾಗಿ ಪ್ರಸ್ತಾಪಗೊಳ್ಳುವುದಿಲ್ಲ. 1939ರಲ್ಲಿ ‘ಓಲ್ಡ್ ಪಾಸಮ್ಸ್ ಬುಕ್ ಆಫ್ ಪ್ರಾಕ್ಟಿಕಲ್ ಕ್ಯಾಟ್ಸ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದ ಈ ಪದ್ಯಗಳನ್ನು ಆಧರಿಸಿ ಸಂಗೀತ ಸಂಯೋಜಕ ಆಂಡ್ರ್ಯೂ ಲಾಯ್ಡ್ ವೆಬರ್ ‘ಕ್ಯಾಟ್ಸ್’ ಗೀತನಾಟಕವನ್ನು ರೂಪಿಸಿದನು. ಟ್ರೆವರ್ ನನ್ ನಿರ್ದೇಶನದಲ್ಲಿ 1981ರ ಮೇ 11ರಂದು ಲಂಡನ್ನಿನ ನ್ಯೂ ಲಂಡನ್ ಥಿಯೇಟರಿನಲ್ಲಿ ಆರಂಭವಾದ ಈ ನಾಟಕ 2002ರ ಮೇ 11ರವರೆಗೆ, ಸರಿಯಾಗಿ 21 ವರ್ಷಗಳ ಕಾಲ, 8,949 ಪ್ರಯೋಗಗಳನ್ನು ಕಂಡಿತು. ನ್ಯೂಯಾರ್ಕಿನ ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ 1982ರಿಂದ 2000ದವರೆಗೆ 7,485 ಪ್ರಯೋಗಗಳು ನಡೆದವು.

ಈ ನಾಟಕದ ಚಿತ್ರರೂಪವು 1998ರಲ್ಲಿ ಡೇವಿಡ್ ಮ್ಯಾಲೆಟ್ ನಿರ್ದೇಶನದಲ್ಲಿ ವೀಡಿಯೋ ಆಗಿ ಹೊರಬಂದಿತು. ಇದನ್ನು ಸಾಮಾನ್ಯವಾಗಿ ರಂಗಪ್ರಯೋಗದ ಪ್ರತಿಯೆಂದು ಭಾವಿಸಿ, ಮೂಲಕ್ಕೆ ಎಷ್ಟು ನಿಷ್ಠವಾಗಿದೆಯೆಂಬ ಒಂದೇ ಮಾನದಂಡದಿಂದ ಅಳೆಯುವುದು ರೂಢಿ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಮಾನದಂಡ ಸಾಲದು. ಒಂದು ಪ್ರದರ್ಶನವು ಚಿತ್ರೀಕರಣಗೊಂಡಾಗ ದೊರೆಯುವುದು ಪ್ರತಿಯಲ್ಲ, ಇನ್ನೊಂದು ಪಾಠ. ಆ ಪಾಠ ಏನನ್ನು ಕಳೆದುಕೊಂಡಿತು, ಏನನ್ನು ಪಡೆದುಕೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದ್ಯಗಳ ಮೌಖಿಕ ನೆಲೆ

ಎಲಿಯಟ್‌ನ ಬೆಕ್ಕಿನ ಪದ್ಯಗಳು ಮುದ್ರಿತ ಸಾಹಿತ್ಯವಾದರೂ ಅವುಗಳ ಜೀವಾಳ ಶಿಶುಪ್ರಾಸಗಳ ಮೌಖಿಕ ಪರಂಪರೆಯಲ್ಲಿದೆ. ಪುಸ್ತಕದ ಶೀರ್ಷಿಕೆಯಲ್ಲಿರುವ ‘ಓಲ್ಡ್ ಪಾಸಮ್’ ಎಂಬುದು ಕವಿ ಎಜ್ರಾ ಪೌಂಡ್ ಎಲಿಯಟ್‌ಗೆ ಇಟ್ಟಿದ್ದ ಅಡ್ಡಹೆಸರು. ಅದರ ಮೂಲವನ್ನು ಅಮೆರಿಕದ ಆಫ್ರಿಕನ್ ಮೂಲದ ಜನರ ಪ್ರಾಣಿಕಥೆಗಳನ್ನು ಆಧರಿಸಿ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಪ್ರಕಟಿಸಿದ ‘ಅಂಕಲ್ ರೀಮಸ್’ ಕಥೆಗಳಲ್ಲಿ ಗುರುತಿಸಲಾಗುತ್ತದೆ. ನಾಟಕದುದ್ದಕ್ಕೂ ಬರುವ ‘ಜೆಲಿಕಲ್’ ಎಂಬ ಪದ, ‘ಮುದ್ದು ಪುಟ್ಟ ಬೆಕ್ಕು’ ಎಂಬರ್ಥದ ಇಂಗ್ಲಿಷ್ ನುಡಿಯು ಮಕ್ಕಳ ಬಾಯಲ್ಲಿ ತಿರುಚಿಕೊಂಡ ರೂಪವೆಂಬ ವಿವರಣೆ ಪ್ರಚಲಿತವಾಗಿದೆ.

ಬೆಕ್ಕಿಗೆ ಮೂರು ಹೆಸರುಗಳಿರುತ್ತವೆ ಎಂಬ ಕಲ್ಪನೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಂದು ಮನೆಮಂದಿ ನಿತ್ಯ ಕರೆಯುವ ಹೆಸರು. ಇನ್ನೊಂದು ಆ ಬೆಕ್ಕಿಗೆ ಮಾತ್ರ ಸಲ್ಲುವ ವಿಶಿಷ್ಟ ಹೆಸರು. ಮತ್ತೊಂದು ಬೆಕ್ಕು ತಾನಲ್ಲದೆ ಬೇರಾರೂ ಅರಿಯದ ಗುಪ್ತನಾಮ. ಗುಪ್ತನಾಮದಲ್ಲಿ ಶಕ್ತಿಯಿದೆ, ಅದು ಬಯಲಾದರೆ ಶಕ್ತಿ ಕುಂದುತ್ತದೆ ಎಂಬ ಆಶಯ ಲೋಕದ ಅನೇಕ ಜನಪದ ಕಥೆಗಳಲ್ಲಿದೆ. ಗ್ರಿಮ್ ಸೋದರರು ಸಂಗ್ರಹಿಸಿದ ‘ರಂಪೆಲ್‌ಸ್ಟಿಲ್ಟ್‌ಸ್ಕಿನ್’ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಎಲಿಯಟ್ ಈ ಆಶಯವನ್ನು ವಿನೋದಕ್ಕೆ ಒಗ್ಗಿಸಿಕೊಂಡಿದ್ದಾನೆ. ಆದರೆ ರಂಗದ ಮೇಲೆ ಇಡೀ ಗುಂಪು ಇದನ್ನು ಪಿಸುದನಿಯಲ್ಲಿ ನುಡಿಯುವಾಗ ವಿನೋದ ಹಿಂದೆ ಸರಿದು ಮಂತ್ರೋಚ್ಚಾರದ ಗಾಂಭೀರ್ಯ ಮುನ್ನೆಲೆಗೆ ಬರುತ್ತದೆ.

ಕೂಟ, ಬಹಿಷ್ಕಾರ, ಸ್ವೀಕಾರ

ಮೂಲ ಪುಸ್ತಕದಲ್ಲಿ ಬಿಡಿ ಪದ್ಯಗಳಿವೆಯೇ ಹೊರತು ಕಥೆಯಿಲ್ಲ. ಕಥೆಯ ಎಳೆ ಒದಗಿದ್ದು ಎಲಿಯಟ್ ಅಪ್ರಕಟಿತವಾಗಿ ಉಳಿಸಿದ್ದ ಗ್ರಿಜಾಬೆಲಾ ಎಂಬ ಬೆಕ್ಕಿನ ಕುರಿತ ಪದ್ಯಖಂಡದಿಂದ. ಮಕ್ಕಳಿಗೆ ಇದು ಅತಿ ದುಃಖಕರವೆಂದು ಕವಿ ಕೈಬಿಟ್ಟಿದ್ದ ಈ ಖಂಡವನ್ನು ಆತನ ಪತ್ನಿ ವ್ಯಾಲೆರಿ ಎಲಿಯಟ್ ವೆಬರ್‌ಗೆ ಒದಗಿಸಿದಳು. ಒಮ್ಮೆ ಚೆಲುವೆಯಾಗಿ ಮೆರೆದು ಈಗ ಮುದಿಯಾಗಿ, ತನ್ನವರಿಂದಲೇ ದೂರವಾದ ಬೆಕ್ಕು ಅವಳು. ಅವಳು ಹಾಡುವ ‘ಮೆಮೊರಿ’ ಗೀತೆಯನ್ನು ಎಲಿಯಟ್‌ನ ‘ರಾಪ್ಸಡಿ ಆನ್ ಎ ವಿಂಡಿ ನೈಟ್’ ಎಂಬ ಆರಂಭಕಾಲದ ಕವಿತೆಯ ಪ್ರೇರಣೆಯಿಂದ ಟ್ರೆವರ್ ನನ್ ರಚಿಸಿದನು.

ಹೀಗೆ ರೂಪುಗೊಂಡ ಕಥನ ಸರಳವಾದುದು. ವರ್ಷಕ್ಕೊಮ್ಮೆ ರಾತ್ರಿ ಬೆಕ್ಕುಗಳ ಕುಲವೆಲ್ಲ ಒಂದೆಡೆ ಕೂಡುತ್ತದೆ. ಕುಲದ ಹಿರಿಯನಾದ ಓಲ್ಡ್ ಡ್ಯೂಟರಾನಮಿ ಒಂದು ಬೆಕ್ಕನ್ನು ಆರಿಸುತ್ತಾನೆ. ಆಯ್ಕೆಯಾದ ಬೆಕ್ಕು ‘ಹೆವಿಸೈಡ್ ಲೇಯರ್’ ಎಂಬ ಮೇಲಿನ ಲೋಕಕ್ಕೇರಿ ಹೊಸ ಜನ್ಮ ಪಡೆಯುತ್ತದೆ. ವಾಸ್ತವದಲ್ಲಿ ಇದು ಭೌತವಿಜ್ಞಾನಿ ಆಲಿವರ್ ಹೆವಿಸೈಡ್‌ನ ಹೆಸರು ಹೊತ್ತ, ರೇಡಿಯೋ ತರಂಗಗಳನ್ನು ಹಿಂದಿರುಗಿಸುವ ವಾಯುಮಂಡಲದ ಒಂದು ಪದರ. ವಿಜ್ಞಾನದ ಪದವೊಂದು ಇಲ್ಲಿ ಸ್ವರ್ಗದ ಹೆಸರಾಗಿ ಮಾರ್ಪಟ್ಟಿದೆ.

ಆರ್ನಾಲ್ಡ್ ವಾನ್ ಜೆನೆಪ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಕ್ರಮಣದ ಆಚರಣೆಗಳಿಗೆ ಬೇರ್ಪಡುವಿಕೆ, ಹೊಸ್ತಿಲಿನ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದ್ದಾನೆ. ಗ್ರಿಜಾಬೆಲಾಳ ಕಥೆಗೆ ಇದನ್ನು ಅನ್ವಯಿಸಿದಾಗ ಮೊದಲೆರಡು ಹಂತಗಳು ಸ್ಪಷ್ಟವಾಗಿ ಕಾಣುತ್ತವೆ. ಕುಲದವರು ಅವಳನ್ನು ಕಂಡೊಡನೆ ಹಿಂದೆ ಸರಿಯುತ್ತಾರೆ. ಅವಳು ಕೂಟದ ಅಂಚಿನಲ್ಲೇ ಸುಳಿದಾಡುತ್ತಾಳೆ. ಮೂರನೆಯ ಹಂತದಲ್ಲಿ ಮಾತ್ರ ತೊಡಕಿದೆ. ಕೊನೆಗೆ ಅವಳನ್ನು ಮುಟ್ಟಿ ಬರಮಾಡಿಕೊಳ್ಳುವ ಕುಲ ಮರುಕ್ಷಣವೇ ಅವಳನ್ನು ಮೇಲಿನ ಲೋಕಕ್ಕೆ ಕಳುಹಿಸಿಕೊಡುತ್ತದೆ. ಸ್ವೀಕಾರ ಮತ್ತು ಬೀಳ್ಕೊಡುಗೆ ಒಂದೇ ಕ್ರಿಯೆಯಾಗಿಬಿಡುತ್ತವೆ. ಬಹಿಷ್ಕೃತಳೊಡನೆ ನಾಳೆ ಬೆಳಿಗ್ಗೆ ಬಾಳುವ ಹೊಣೆ ಕುಲದ ಮೇಲೆ ಬೀಳುವುದಿಲ್ಲ. ಇದನ್ನು ಕರುಣೆಯ ಕಥೆಯೆಂದು ಮೆಚ್ಚುವವರು ಈ ಅನುಕೂಲವನ್ನೂ ಕಾಣಬೇಕು.

ಕ್ಯಾಮೆರಾ ಕಳೆದದ್ದು

1998ರ ಚಿತ್ರದ ಚಿತ್ರೀಕರಣ 1997ರಲ್ಲಿ ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಈ ಒಂದು ಸಂಗತಿಯಿಂದ ಅನೇಕ ಪರಿಣಾಮಗಳು ಹುಟ್ಟುತ್ತವೆ. ನ್ಯೂ ಲಂಡನ್ ಥಿಯೇಟರಿನಲ್ಲಿ ರಂಗವನ್ನು ಪ್ರೇಕ್ಷಕರು ಸುತ್ತುವರಿದು ಕೂಡುತ್ತಿದ್ದರು. ವಿನ್ಯಾಸಕಾರ ಜಾನ್ ನೇಪಿಯರ್ ಕಸದ ತಿಪ್ಪೆಯ ವಸ್ತುಗಳನ್ನು ಬೆಕ್ಕಿನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ರಚಿಸಿದ್ದರಿಂದ ನೋಡುವವರೂ ಬೆಕ್ಕುಗಳ ಅಳತೆಗೆ ಕುಗ್ಗುತ್ತಿದ್ದರು. ಬೆಕ್ಕುಗಳು ಆಸನಗಳ ನಡುವಿನ ಹಾದಿಯಲ್ಲೇ ಹಾದು ಬರುತ್ತಿದ್ದವು. ವಿರಾಮದ ವೇಳೆಯಲ್ಲಿ ಓಲ್ಡ್ ಡ್ಯೂಟರಾನಮಿ ರಂಗದ ಮೇಲೆಯೇ ಕುಳಿತಿರುತ್ತಿದ್ದನು; ಪ್ರೇಕ್ಷಕರು ಏರಿಹೋಗಿ ಅವನನ್ನು ಕಂಡುಬರುತ್ತಿದ್ದರು. ಆಡುವವರಿಗೂ ನೋಡುವವರಿಗೂ ನಡುವಿನ ಗೆರೆ ಹೀಗೆ ಅಳಿಸಿಹೋಗುವುದು ಜನಪದ ರಂಗಭೂಮಿಗೆ ಸಹಜವಾದ ಲಕ್ಷಣ.

ಚಿತ್ರದಲ್ಲಿ ವಿರಾಮವಿಲ್ಲ, ಏರಿಹೋಗುವ ಮೆಟ್ಟಿಲೂ ಇಲ್ಲ. ರಿಚರ್ಡ್ ಬಾಮನ್ 1977ರಲ್ಲಿ ಪ್ರತಿಪಾದಿಸಿದಂತೆ ಪ್ರದರ್ಶನವೆಂಬುದು ಪ್ರದರ್ಶಕನು ಪ್ರೇಕ್ಷಕರ ಮುಂದೆ ತನ್ನ ಕೌಶಲದ ಹೊಣೆ ಹೊರುವ ಸಂದರ್ಭ. ನೋಡುವವರು ಎದುರಿಗಿಲ್ಲದಿದ್ದಾಗ ಆ ಹೊಣೆ ಕ್ಯಾಮೆರಾಕ್ಕೆ ಸಲ್ಲುತ್ತದೆ. ಹಾಸ್ಯದ ಸಂದರ್ಭಗಳಲ್ಲಿ ನಗುವಿಲ್ಲದೆ ಉಳಿಯುವ ಮೌನ ಚಿತ್ರದ ಕೆಲವು ಭಾಗಗಳನ್ನು ಪೇಲವಗೊಳಿಸಿದೆ. ಜಿಲಿಯನ್ ಲಿನ್ ಸಂಯೋಜಿಸಿದ ಸಮೂಹ ನೃತ್ಯದಲ್ಲಿ ಪ್ರತಿಯೊಂದು ಬೆಕ್ಕೂ ತನ್ನದೇ ಚಲನೆಯಲ್ಲಿ ತೊಡಗಿರುತ್ತದೆ; ಯಾವುದನ್ನು ನೋಡಬೇಕೆಂಬ ಸ್ವಾತಂತ್ರ್ಯ ರಂಗಮಂದಿರದಲ್ಲಿ ಪ್ರೇಕ್ಷಕನದು. ಚಿತ್ರದಲ್ಲಿ ಸಂಕಲನಕಾರನು ಆ ಆಯ್ಕೆಯನ್ನು ಮೊದಲೇ ಮಾಡಿಟ್ಟಿದ್ದಾನೆ. ಕುಲದ ನೃತ್ಯ ಬಿಡಿ ಮುಖಗಳಾಗಿ ಒಡೆಯುತ್ತದೆ.

‘ಗ್ರೌಲ್‌ಟೈಗರ್’ ಎಂಬ ಕಡಲುಗಳ್ಳ ಬೆಕ್ಕಿನ ಪ್ರಸಂಗವನ್ನು ಚಿತ್ರದಿಂದ ಪೂರ್ಣವಾಗಿ ಕೈಬಿಡಲಾಗಿದೆ. ಮೂಲ ಪದ್ಯದಲ್ಲಿ ಏಷ್ಯಾದ ಜನರನ್ನು ಹೀಗಳೆಯುವ ಪದಪ್ರಯೋಗವಿರುವುದರಿಂದ ಈ ಪ್ರಸಂಗದ ಬಗೆಗೆ ಆಕ್ಷೇಪಗಳಿಗೆ ಎಡೆಯಿದೆ. ಆದರೆ ರಂಗದ ಮೇಲೆ ಇದು ಗಸ್ ಎಂಬ ಮುದಿ ನಟ-ಬೆಕ್ಕು ತನ್ನ ಯೌವನದ ಪಾತ್ರವನ್ನು ಮತ್ತೊಮ್ಮೆ ಆಡುವ ಅವಕಾಶವಾಗಿತ್ತು. ಅದು ಬಿಟ್ಟುಹೋದ ಮೇಲೆ ಗಸ್‌ಗೆ ಉಳಿಯುವುದು ಬರಿಯ ನೆನಪು.

ಕ್ಯಾಮೆರಾ ಗಳಿಸಿದ್ದು

ಆ ನೆನಪೇ ಚಿತ್ರದ ಅತ್ಯಂತ ಸಾರ್ಥಕ ಭಾಗವಾಗಿದೆ ಎಂಬುದು ಗಮನಾರ್ಹ. ಗಸ್ ಪಾತ್ರದಲ್ಲಿ ಕಾಣಿಸಿಕೊಂಡ ನಟ ಸರ್ ಜಾನ್ ಮಿಲ್ಸ್ (1908–2005) ಚಿತ್ರೀಕರಣದ ವೇಳೆಗೆ 89 ವರ್ಷ ವಯಸ್ಸಿನವರಾಗಿದ್ದರು. ರಂಗದ ಮೇಲೆ ಕಿರಿಯ ನಟನೊಬ್ಬನು ಮುಪ್ಪನ್ನು ನಟಿಸಿ ಮರುಕ್ಷಣವೇ ಕಡಲುಗಳ್ಳನಾಗಿ ಸೆಟೆದು ನಿಲ್ಲುತ್ತಿದ್ದನು. ಇಲ್ಲಿ ನಿಜವಾದ ವೃದ್ಧ ನಟನೊಬ್ಬ ವೃದ್ಧ ನಟನ ಪಾತ್ರದಲ್ಲಿ ಕುಳಿತಿದ್ದಾನೆ. ಗೀತೆಯ ಬಹುಭಾಗವನ್ನು ಜೆಲಿಲೋರಮ್ ಹಾಡುತ್ತಾಳೆ. ಕೈಯ ನಡುಕ, ಕಣ್ಣಿನ ತೇವ ಇವು ರಂಗಮಂದಿರದ ಹಿಂದಿನ ಸಾಲಿಗೆ ಎಂದೂ ಎಟುಕುವ ಸಂಗತಿಗಳಲ್ಲ. ಕ್ಯಾಮೆರಾ ಇಲ್ಲಿ ದಾಖಲಿಸಿದ್ದು ಪಾತ್ರವನ್ನಷ್ಟೇ ಅಲ್ಲ, ಒಬ್ಬ ಕಲಾವಿದನ ದೇಹದ ಮೇಲೆ ಉಳಿದ ಕಾಲದ ಗುರುತನ್ನು.

ಗ್ರಿಜಾಬೆಲಾ ಪಾತ್ರಕ್ಕೂ ಇದೇ ಮಾತು ಸಲ್ಲುತ್ತದೆ. 1981ರಲ್ಲಿ ಈ ಪಾತ್ರಕ್ಕೆ ಜೂಡಿ ಡೆಂಚ್ ನಿಯೋಜಿತರಾಗಿದ್ದರು. ತಾಲೀಮಿನಲ್ಲಿ ಕಾಲಿಗೆ ಪೆಟ್ಟಾದ ಕಾರಣ ಅವರ ಸ್ಥಾನಕ್ಕೆ ಎಲೇನ್ ಪೇಜ್ ಬಂದರು. ಆಗ ಅವರಿಗೆ 33 ವರ್ಷ. ಕಳೆದುಹೋದ ಚೆಲುವನ್ನು ನಟನೆಯಿಂದಲೇ ಕಟ್ಟಿಕೊಡಬೇಕಾದ ವಯಸ್ಸು. ಚಿತ್ರೀಕರಣದ ವೇಳೆಗೆ ಅವರು 49 ವರ್ಷದವರಾಗಿದ್ದರು. ‘ಮೆಮೊರಿ’ ಗೀತೆ ಈ 16 ವರ್ಷಗಳಲ್ಲಿ ಲೋಕವಿಖ್ಯಾತವಾಗಿತ್ತು. ಅದನ್ನು ಮೊದಲು ಹಾಡಿದ ಗಾಯಕಿಯೂ ಅದರೊಡನೆ ಬೆಳೆದಿದ್ದಳು. ಚಿತ್ರದಲ್ಲಿ ಆ ಗೀತೆಯ ಅರ್ಥ ಪಾತ್ರದಿಂದಲೂ ಗಾಯಕಿಯಿಂದಲೂ ಏಕಕಾಲಕ್ಕೆ ಹೊಮ್ಮುತ್ತದೆ. ದೀರ್ಘಕಾಲ ಒಂದೇ ಕಥನವನ್ನು ಹಾಡಿಕೊಂಡು ಬಂದ ಜನಪದ ಗಾಯಕರಲ್ಲಿ ಕಾಣುವ, ಕಥನವೂ ಬಾಳೂ ಒಂದರೊಳಗೊಂದು ಬೆರೆಯುವ ಸ್ಥಿತಿ ಇದು.

2019ರ ಚಿತ್ರ: ವೇಷದ ಪ್ರಶ್ನೆ

2019ರ ಡಿಸೆಂಬರ್‌ನಲ್ಲಿ ಟಾಮ್ ಹೂಪರ್ ನಿರ್ದೇಶನದಲ್ಲಿ ಇದೇ ಕೃತಿ ದೊಡ್ಡ ಪ್ರಮಾಣದ ಚಲನಚಿತ್ರವಾಗಿ ಬಂದಿತು. 38 ವರ್ಷಗಳ ಹಿಂದೆ ಅವಕಾಶ ತಪ್ಪಿಸಿಕೊಂಡಿದ್ದ ಜೂಡಿ ಡೆಂಚ್ ಇದರಲ್ಲಿ ಓಲ್ಡ್ ಡ್ಯೂಟರಾನಮಿಯಾಗಿ ಕಾಣಿಸಿಕೊಂಡರು. ನಟರ ದೇಹದ ಮೇಲೆ ಗಣಕಯಂತ್ರದ ನೆರವಿನಿಂದ ತುಪ್ಪಳವನ್ನು ಬೆಳೆಸಲಾಗಿತ್ತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ದೃಶ್ಯಪರಿಣಾಮಗಳನ್ನು ತಿದ್ದಿದ ಪ್ರತಿಯನ್ನು ಚಿತ್ರಮಂದಿರಗಳಿಗೆ ಕಳುಹಿಸಬೇಕಾಯಿತು. ವಿಮರ್ಶಕರು ಬಹುಪಾಲು ಚಿತ್ರವನ್ನು ತಿರಸ್ಕರಿಸಿದರು.

ಈ ಸೋಲಿಗೆ ತಂತ್ರಜ್ಞಾನದ ಕೊರತೆಯನ್ನು ಕಾರಣವಾಗಿ ಹೇಳುವುದುಂಟು. ಮೂಲ ಕಾರಣ ವೇಷದ ತತ್ತ್ವವನ್ನು ಅರಿಯದೆ ಹೋದುದರಲ್ಲಿದೆ. ದಕ್ಷಿಣ ಕನ್ನಡದ ಹುಲಿವೇಷವನ್ನು ಇಲ್ಲಿ ನೆನೆಯಬಹುದು. ಮೈಗೆ ಪಟ್ಟೆ ಬರೆದುಕೊಂಡು ತಾಸೆಯ ಪೆಟ್ಟಿಗೆ ಕುಣಿಯುವವನನ್ನು ನೋಡುವ ಜನ ಅಲ್ಲಿ ಹುಲಿಯನ್ನೂ ಕಾಣುತ್ತಾರೆ, ತಮ್ಮೂರಿನ ಮನುಷ್ಯನನ್ನೂ ಕಾಣುತ್ತಾರೆ. ಎರಡೂ ಒಟ್ಟಿಗೆ ಕಾಣುವುದರಿಂದಲೇ ವೇಷಕ್ಕೆ ಬೆರಗು ಒದಗುತ್ತದೆ. 1998ರ ಚಿತ್ರದಲ್ಲಿ ಬಣ್ಣ ಬಳಿದ ಮೈಯುಡುಪು, ಕೃತಕ ಕೂದಲು, ಮುಖದ ಗೆರೆಗಳು ಇವೆಲ್ಲ ತಮ್ಮನ್ನು ವೇಷವೆಂದೇ ಸಾರಿಕೊಳ್ಳುತ್ತವೆ. ಉಳಿದುದನ್ನು ನೋಡುವವರ ಕಲ್ಪನೆ ತುಂಬುತ್ತದೆ. 2019ರ ಚಿತ್ರ ಕಲ್ಪನೆಗೆ ಕೆಲಸವನ್ನೇ ಉಳಿಸಲಿಲ್ಲ. ನಿಜದ ತುಪ್ಪಳವೆಂದು ನಂಬಿಸಲು ಹೊರಟಾಗ ಮನುಷ್ಯನೂ ಕಾಣದೆ ಬೆಕ್ಕೂ ಕಾಣದೆ ಹೋಯಿತು.

ದಾಖಲೀಕರಣಕ್ಕೆ ಸಂಬಂಧಿಸಿದಂತೆ

1998ರ ವೀಡಿಯೋ ನೋಡಿದವರಲ್ಲಿ ಅನೇಕರು ನಾಟಕವನ್ನು ರಂಗದ ಮೇಲೆ ಕಂಡವರಲ್ಲ. ಅವರ ಪಾಲಿಗೆ ವೀಡಿಯೋದಲ್ಲಿರುವುದೇ ‘ಕ್ಯಾಟ್ಸ್’. ಸಾವಿರಾರು ಪ್ರಯೋಗಗಳಲ್ಲಿ ನಟರು ಬದಲಾಗುತ್ತ, ವೇಗ ಬದಲಾಗುತ್ತ ಸಾಗಿಬಂದ ನಾಟಕದ ಒಂದು ಪಾಠ ಮಾತ್ರ ಹೆಪ್ಪುಗಟ್ಟಿ ಪ್ರಮಾಣವಾಗಿ ನಿಂತಿತು. ಅದರಲ್ಲಿ ಬಿಟ್ಟುಹೋದ ಪ್ರಸಂಗ ನಾಟಕದಲ್ಲಿ ಇರಲೇ ಇಲ್ಲವೆಂಬ ಭಾವನೆಗೆ ಎಡೆಯಾಯಿತು.

ಕರ್ನಾಟಕದ ಜನಪದ ರಂಗಪ್ರಕಾರಗಳ ದಾಖಲೀಕರಣದಲ್ಲಿ ತೊಡಗಿದವರಿಗೆ ಇದರಲ್ಲಿ ಪಾಠವಿದೆ. ಬಯಲಾಟದ ಮೇಳವೊಂದನ್ನು ಊರಿನ ಕಣದಿಂದ ಎಬ್ಬಿಸಿ, ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಗಂಟೆಗೆ ಇಳಿಸಿ, ಖಾಲಿ ಸಭಾಂಗಣದಲ್ಲಿ ಚಿತ್ರೀಕರಿಸಿದರೆ ಕುಣಿತ, ಮಾತು, ಹಾಡುಗಳು ಸಿಕ್ಕಾವು. ನಿದ್ದೆಗಣ್ಣಿನ ಮಕ್ಕಳು, ಮೆಚ್ಚಿ ಆಯಾರು ಕೂಗುವವರು, ತಪ್ಪಿದ ಮಾತನ್ನು ಕೆಳಗಿನಿಂದಲೇ ತಿದ್ದುವ ಹಿರಿಯರು ಸಿಕ್ಕುವುದಿಲ್ಲ. ಆ ಆಟವನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರು ಅವರೇ. ಆದ್ದರಿಂದ ದಾಖಲೆಗೆ ಕ್ಯಾಮೆರಾ ಎರಡು ಕಡೆ ತಿರುಗಬೇಕು. ಒಂದೇ ಪ್ರಸಂಗದ ಒಂದಕ್ಕಿಂತ ಹೆಚ್ಚು ಪ್ರಯೋಗಗಳನ್ನು ಸಂಗ್ರಹಿಸಬೇಕು. ಏನನ್ನು ಬಿಡಲಾಗಿದೆಯೆಂಬುದನ್ನು ದಾಖಲೆಯೊಳಗೇ ಹೇಳಬೇಕು.

ಅದೇ ವೇಳೆಗೆ ಕ್ಯಾಮೆರಾ ಮಾತ್ರ ಹಿಡಿಯಬಲ್ಲ ಸಂಗತಿಗಳನ್ನೂ ಕಡೆಗಣಿಸಲಾಗದು. ಮುಪ್ಪಿನಲ್ಲಿರುವ ಕಲಾವಿದನ ಮುಖವನ್ನು ಹತ್ತಿರದಿಂದ, ಅವಸರವಿಲ್ಲದೆ ನೋಡುವ ಅವಕಾಶ ಅವುಗಳಲ್ಲಿ ಮೊದಲನೆಯದು. ಜಾನ್ ಮಿಲ್ಸ್ ಕುಳಿತಿರುವ ಆ ಕೆಲವು ನಿಮಿಷಗಳು 1997ರಲ್ಲಿ ದಾಖಲಾಗದೆ ಹೋಗಿದ್ದರೆ ಇಂದು ಯಾವ ಪ್ರಯೋಗವೂ ಅವನ್ನು ಮರಳಿ ಕೊಡಲಾರದು. ನಾಡಿನ ಹಿರಿಯ ಭಾಗವತರು, ವೇಷಧಾರಿಗಳು, ಕಥನಗಾಯಕರು ಬದುಕಿರುವಾಗಲೇ ಅವರೆದುರು ಕ್ಯಾಮೆರಾ ಹಿಡಿದು ಕೂರುವ ವ್ಯವಧಾನ ಸಂಶೋಧಕರಿಗೂ ಸಂಸ್ಥೆಗಳಿಗೂ ಇರಬೇಕಾದುದು ಅಗತ್ಯ.