ಅಯೋನಾ ಮಠದ ಜೀರ್ಣೋದ್ಧಾರ: ಒಂದು ವಿಮರ್ಶೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗೆ, ಮಲ್ ದ್ವೀಪದ ಪಕ್ಕದಲ್ಲಿರುವ ಅಯೋನಾ ಎಂಬ ಪುಟ್ಟ ದ್ವೀಪದಲ್ಲಿ ಐರ್ಲೆಂಡಿನ ಸಂತ ಕೊಲಂಬ 563ರಲ್ಲಿ ಮಠವೊಂದನ್ನು ಸ್ಥಾಪಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ನಡೆದ ಅದರ ಜೀರ್ಣೋದ್ಧಾರವನ್ನು ಕೊಲಂಬನ ಪರಂಪರೆಯ ಮುಂದುವರಿಕೆಯೆಂದು ಕೊಂಡಾಡುವುದು ರೂಢಿಯಾಗಿದ್ದರೂ, ಇಂದು ಅಲ್ಲಿ ನಿಂತಿರುವ ಕಟ್ಟಡಗಳನ್ನು ನೋಡಿದರೆ ಆ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಕೊಲಂಬನ ಕಾಲದ ಮಠ ಮರ ಮತ್ತು ಹೆಣೆದ ಕಡ್ಡಿಗಳಿಂದಾದದ್ದು. 806ರ ವೈಕಿಂಗ್ ದಾಳಿಯಲ್ಲಿ 68 ಮಂದಿ ಹತರಾದ ಬಳಿಕ ಅದರ ಪ್ರಾಬಲ್ಯ ಐರ್ಲೆಂಡಿನ ಕೆಲ್ಸ್‌ಗೆ ಸರಿಯಿತು. ಈಗ ಕಾಣುವ ಕಲ್ಲಿನ ಮಠದ ಮೂಲ, ಸಂತ ಬೆನೆಡಿಕ್ಟನ ನಿಯಮಾವಳಿಯಂತೆ ಬಾಳುವ ಬೆನೆಡಿಕ್ಟೀನ್ ಸನ್ಯಾಸಿಗಳು 1200ರ ಸುಮಾರಿಗೆ ನೆಲೆಯೂರಿ ಕಟ್ಟಿಸಿದ್ದು. ಸ್ಕಾಟ್ಲೆಂಡ್ ರೋಮಿನ ಕ್ಯಾಥೊಲಿಕ್ ಚರ್ಚಿನಿಂದ ಬೇರ್ಪಟ್ಟ 1560ರ ಮತಸುಧಾರಣೆಯ ಬಳಿಕ ಅದೂ ಪಾಳುಬಿತ್ತು.

1899ರಲ್ಲಿ ಆರ್ಗೈಲಿನ ಡ್ಯೂಕ್ ಈ ಅವಶೇಷಗಳನ್ನು ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿದನು. 1910ರ ವೇಳೆಗೆ ಚರ್ಚಿನ ದುರಸ್ತಿ ಮುಗಿಯಿತಾದರೂ ಸನ್ಯಾಸಿಗಳ ವಸತಿಯ ಭಾಗ ಮುರಿದ ಗೋಡೆಗಳಾಗಿಯೇ ಉಳಿಯಿತು. ಜೀರ್ಣೋದ್ಧಾರದ ನಿಜವಾದ ಸತ್ವವಿರುವುದು ಇದರ ನಂತರದ ಘಟ್ಟದಲ್ಲಿ. ಗ್ಲಾಸ್ಗೋ ನಗರದ ಗೋವನ್ ಎಂಬ ಹಡಗುಕಟ್ಟೆ ಪ್ರದೇಶದಲ್ಲಿ ಪಾದ್ರಿಯಾಗಿದ್ದು, ಆರ್ಥಿಕ ಕುಸಿತದ ಕಾಲದ ನಿರುದ್ಯೋಗವನ್ನು ಹತ್ತಿರದಿಂದ ಕಂಡ ಜಾರ್ಜ್ ಮೆಕ್ಲೌಡ್, 1938ರಲ್ಲಿ ಅಯೋನಾ ಸಮುದಾಯವನ್ನು ಸ್ಥಾಪಿಸಿ, ಕೆಲಸ ಕಳೆದುಕೊಂಡ ಕುಶಲಕರ್ಮಿಗಳನ್ನೂ ತರಬೇತಿಯಲ್ಲಿದ್ದ ಯುವ ಪಾದ್ರಿಗಳನ್ನೂ ಒಂದೇ ಗೋಡೆ ಕಟ್ಟುವ ಕೆಲಸಕ್ಕೆ ಹಚ್ಚಿದರು. ಓದಿದವನು ಗಾರೆಯವನ ಕೈಕೆಳಗೆ ಕಲ್ಲು ಹೊತ್ತು, ಇಬ್ಬರೂ ಒಟ್ಟಿಗೆ ಪ್ರಾರ್ಥನೆಗೆ ನಿಲ್ಲುವ ಈ ಏರ್ಪಾಡಿನಲ್ಲಿ ದುಡಿಮೆ ಮತ್ತು ಉಪಾಸನೆಗಳು ಬೇರೆಬೇರೆಯಾಗಿ ಉಳಿಯಲಿಲ್ಲ. ಹಳೆಯ ಮಠಜೀವನದ ತಿರುಳು ಮರಳಿ ಬಂದದ್ದು ಇಲ್ಲಿಯೇ. ಆ ಮತಸುಧಾರಣೆಯಿಂದ ಹುಟ್ಟಿ ಮಠಗಳನ್ನೇ ಕೈಬಿಟ್ಟ ಪ್ರೆಸ್ಬಿಟೇರಿಯನ್ ಚರ್ಚಿನೊಳಗಿಂದಲೇ ಇಂಥ ಪ್ರಯತ್ನ ಹೊರಟದ್ದು ಸಾಮಾನ್ಯ ಧೈರ್ಯವಲ್ಲ. ರೋಮಿನ ಕ್ಯಾಥೊಲಿಕ್ ಚರ್ಚಿನ ಕಡೆಗೆ ವಾಲಿದವರೆಂಬ ಆಕ್ಷೇಪವನ್ನು ಮೆಕ್ಲೌಡ್ ಬಹುಕಾಲ ಎದುರಿಸಬೇಕಾಯಿತು.

ಆದರೂ ಈ ಸಮಾನತೆಗೆ ಗಡಿಯಿತ್ತು. ಆರಂಭದ ಸಮುದಾಯದಲ್ಲಿ ಸದಸ್ಯತ್ವ ಪುರುಷರಿಗಷ್ಟೇ ಮೀಸಲಾಗಿತ್ತು. ವರ್ಗಭೇದವನ್ನು ಅಷ್ಟು ತೀಕ್ಷ್ಣವಾಗಿ ಗುರುತಿಸಿದ ದೃಷ್ಟಿಗೆ ಈ ಭೇದ ಕಾಣದೆ ಹೋದದ್ದು ಗಂಭೀರವಾದ ಕೊರತೆಯೇ ಸರಿ. ಕಟ್ಟಡಗಳು 1965ರಲ್ಲಿ ಪೂರ್ಣಗೊಂಡಾಗ, ಕೈಗೆಲಸದ ಮೇಲೆಯೇ ನಿಂತಿದ್ದ ಶಿಸ್ತು ಇನ್ನು ಯಾವುದರ ಮೇಲೆ ನಿಲ್ಲಬೇಕೆಂಬ ಪ್ರಶ್ನೆ ಎದುರಾಯಿತು. ಅದಕ್ಕೆ ಸಿಕ್ಕ ಉತ್ತರವು ದ್ವೀಪದಲ್ಲಿಲ್ಲ, ಬೇರೆಬೇರೆ ಊರುಗಳಲ್ಲಿ ಸಂಸಾರ, ಉದ್ಯೋಗಗಳ ನಡುವೆಯೇ ಬಾಳುವ ಸದಸ್ಯರು ಪಾಲಿಸುವ ನಿಯಮದಲ್ಲಿದೆ: ನಿತ್ಯ ಪ್ರಾರ್ಥನೆ, ಶಾಂತಿ ಮತ್ತು ನ್ಯಾಯಕ್ಕಾಗಿ ದುಡಿಮೆ, ತಮ್ಮ ಹಣ ಮತ್ತು ಸಮಯಗಳ ವಿನಿಯೋಗಕ್ಕೆ ಒಬ್ಬರು ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸುವುದು. ಕಲ್ಲಿನ ಕಟ್ಟಡಕ್ಕಿಂತ ಈ ಲೆಕ್ಕದ ಪದ್ಧತಿಯೇ ಜೀರ್ಣೋದ್ಧಾರದ ಹೆಚ್ಚು ಗಟ್ಟಿಯಾದ ಫಲ.